ಸೂಜಿ ಮಸೆಯುತ್ತಿದ್ದ ವಾಮನಣ್ಣ

ವಾಮನಣ್ಣ ಇಂಜೆಕ್ಷನ್ ಸೂಜಿಯನ್ನು ಕಲ್ಲಿಗೆ ಮಸೆಯುತ್ತಿದ್ದರು. ಚೂರಿ ಮಸೆಯುವ ಕಲ್ಲಿನದೇ ಒಂದು ತುಂಡು ಅವರ ಮೇಜಿನ ಮೇಲೆ ಸದಾ ಇರುತ್ತಿತ್ತು. ನಾಲ್ಕು ಸಲ ಎಳೆದು, ಮೊನೆಯನ್ನು ಹೆಬ್ಬೆರಳ ಉಗುರಿಗೆ ಸೋಕಿಸಿ ನೋಡಿ, "ಈಗ ನೋವೇ ಗೊತ್ತಾಗುದಿಲ್ಲ" ಎನ್ನುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಪುಂಜಾಲಕಟ್ಟೆಯ ಆ ಕ್ಲಿನಿಕ್ಕಿಗೆ ಡಾಕ್ಟರು ಬಂಟ್ವಾಳದಿಂದ ವಾರಕ್ಕೆರಡು ದಿನ ಬರುತ್ತಿದ್ದರು. ಉಳಿದ ದಿನ ಕಾಂಪೌಂಡರ್ ವಾಮನಣ್ಣನೇ ಡಾಕ್ಟರು. ಬೆಳಿಗ್ಗೆ ಒಮ್ಮೆ ಸೂಜಿ, ಸಿರಿಂಜು ಕುದಿಸಿದರೆ ಮುಗಿಯಿತು. ಆಮೇಲೆ ಒಬ್ಬರ ತೋಳಿನಿಂದ ತೆಗೆದು, ಸ್ಪಿರಿಟಿನ ಹತ್ತಿಯಲ್ಲಿ ಒರೆಸಿ, ಇನ್ನೊಬ್ಬರಿಗೆ. ಹತ್ತಿಯೂ ಮಧ್ಯಾಹ್ನದವರೆಗೆ ಒಂದೇ, ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು. ನಮ್ಮ ಜನರೇನು ಕಡಿಮೆಯಲ್ಲ. ಬರೀ ಮಾತ್ರೆ ಕೊಟ್ಟರೆ ಮುಖ ಸಿಂಡರಿಸುತ್ತಿದ್ದರು, ಚುಚ್ಚದವನು ಎಂಥ ಡಾಕ್ಟರು ಎಂದು.

ಮನುಷ್ಯ ಮಾತ್ರ ಒಳ್ಳೆಯವರು. ಅದೇ ನನ್ನ ಸಂಕಟ. "ಆಚೆ ನೋಡು, ಮೂಡಬಿದ್ರೆ ಬಸ್ಸು ಬಂತು" ಎಂದು ಕಿಟಕಿ ತೋರಿಸಿ, ಮಕ್ಕಳು ತಿರುಗುವುದರೊಳಗೆ ಕೆಲಸ ಮುಗಿಸುತ್ತಿದ್ದರು. ಜ್ವರ ಬಂದಾಗಲೆಲ್ಲ ನಾನು ಮತ್ತು ಅಣ್ಣ ಸದಾಶಿವ ಆ ಬೆಂಚಿನಲ್ಲಿ ಕುಳಿತವರೇ. ನನಗೆ ಹೆದರಿಕೆ. ಹಾಗಾಗಿ ಯಾವಾಗಲೂ ಅಣ್ಣನೇ ಮೊದಲು ತೋಳು ಒಡ್ಡುತ್ತಿದ್ದ.

ಎಂಬತ್ತರ ದಶಕದ ಕೊನೆಗೆ ಅಣ್ಣನಿಗೆ ದುಬೈ ವೀಸಾ ಬಂತು. ಬೊಂಬಾಯಿಯಲ್ಲಿ ರಕ್ತ ಪರೀಕ್ಷೆ ಮಾಡಿದವರು ಹೆಪಟೈಟಿಸ್ ಬಿ ಎಂದು ಹಿಂದಕ್ಕೆ ಕಳಿಸಿದರು. ಮಂಗಳೂರಿನ ಡಾಕ್ಟರು ಬಹಳ ಹೊತ್ತು ವಿವರಿಸಿದರು. ಇದಕ್ಕೆ ಸದ್ಯ ಇಲ್ಲಿ ಮದ್ದಿಲ್ಲ, ಹೆಂಡ ಮುಟ್ಟಬಾರದು, ಆಗಾಗ ರಕ್ತ ನೋಡಿಸಬೇಕು, ಮನೆಯವರು ಲಸಿಕೆ ಹಾಕಿಸಿಕೊಳ್ಳಬೇಕು. ಇದು ರಕ್ತದಿಂದ ಹರಡುತ್ತದೆ, ಒಟ್ಟಿಗೆ ಉಂಡರೆ ಬರುವುದಿಲ್ಲ. ನನ್ನ ರಕ್ತದಲ್ಲಿ ಏನೂ ಸಿಗಲಿಲ್ಲ, ಬರೀ ಅದೃಷ್ಟ. ಅಣ್ಣನಿಗೆ ಅದು ಆ ಬೆಂಚಿನಿಂದಲೇ ಬಂತೆಂದು ಸಾಬೀತು ಮಾಡಲಾರೆ. ಆದರೆ ನನಗೆ ಸಂಶಯವಿಲ್ಲ. ಈಗ ದಿನಕ್ಕೊಂದು ಮಾತ್ರೆಯಲ್ಲಿ ಆ ಕಾಯಿಲೆಯನ್ನು ಹತೋಟಿಯಲ್ಲಿಡುತ್ತಾರೆ. ಆ ಮಾತ್ರೆ ಬರುವ ಹೊತ್ತಿಗೆ ಅಣ್ಣ ಇರಲಿಲ್ಲ.

ಅಣ್ಣ ಬೊಂಬಾಯಿಯಿಂದ ಹಿಂದೆ ಬಂದ ಸುದ್ದಿ ಕೇಳಿ ಆಗ ವಾಮನಣ್ಣ ಮನೆಗೆ ಬಂದಿದ್ದರು. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡಲು ಹೇಳಿದರು. ಅಮ್ಮ ಕಾಫಿ ತಂದಾಗ ಕೈ ಹಿಂದೆಗೆದರು.

"ನನಗೆ ಬೇಡ ಅಕ್ಕ. ಸದಾಶಿವ ಕುಡಿದ ಗ್ಲಾಸಾದ್ರೆ ಕಷ್ಟ, ಇದು ಅಂಟುವ ರೋಗ."

ಆ ಬಾಯಿಂದ ಆ ಮಾತು ಕೇಳಿ ನನಗೆ ಮೈಯೆಲ್ಲ ಹೇಸಿಗೆಯಾಯಿತು. ಅಷ್ಟರಲ್ಲಿ ಅವರ ಚೀಲದಿಂದ ಸೂಜಿಯ ತಗಡಿನ ಡಬ್ಬಿ ಹೊರಬಂತು. ಶಕ್ತಿಗೆ ಒಂದು ಇಂಜೆಕ್ಷನ್ ಕೊಡುವ ಎಂದರು.

ಅಣ್ಣ ಸೂಜಿಯನ್ನೇ ನೋಡುತ್ತಿದ್ದ. "ಇಲ್ಲಿಂದ ಮತ್ತೆ ಯಾರಲ್ಲಿಗೆ ಹೋಗ್ಲಿಕ್ಕೆ ಉಂಟು, ವಾಮನಣ್ಣ?"

"ಕೆಳಗಿನ ಮನೆ ಬಾಣಂತಿಗೆ ಒಂದು ಕೊಡ್ಲಿಕ್ಕುಂಟು."

"ಇದೇ ಸೂಜಿಯಾ?"

"ಒರೆಸ್ತೇನೆ ಮಾರಾಯ."

ಅಣ್ಣ ಅದನ್ನು ಅವರ ಕೈಯಿಂದ ತೆಗೆದುಕೊಂಡು ಮೆಟ್ಟಿಲ ಕಲ್ಲಿಗೆ ಒತ್ತಿ ಬಗ್ಗಿಸಿ ಎಸೆದ. ವಾಮನಣ್ಣನಿಗೆ ಸಿಟ್ಟು ಬರಲಿಲ್ಲ. ಅಂಗಳಕ್ಕಿಳಿದು ಹೆಕ್ಕಿಕೊಂಡರು, ಮೊನೆಯನ್ನು ಹೆಬ್ಬೆರಳ ಉಗುರಿಗೆ ಸೋಕಿಸಿ ನೋಡಿದರು, ಡಬ್ಬಿಗೆ ಹಾಕಿಕೊಂಡು ಕೆಳಗಿನ ಮನೆಯ ದಾರಿ ಹಿಡಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಅಣ್ಣ ಚಪ್ಪಲಿಯನ್ನೂ ಹಾಕದೆ ಗದ್ದೆ ಬದುವಿನ ಹುಣಿಯಲ್ಲಿ ಅಡ್ಡಹಾದಿಯಿಂದ ಓಡಿದ. ಆ ಮನೆಯ ಬಾಗಿಲಿಗೆ ಅವನೇ ಮೊದಲು ತಲುಪಿದ.