ಮುನಿಯಣ್ಣನ ಪರಸ್ತಾನ

ನಮ್ಮ ಕುಂದಾಣದಿಂದ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಒಂದು ಗಂಟೆಯೂ ಬೇಡ. ವಿಮಾನಗಳು ನಮ್ಮ ಮನೆಗಳ ಮೇಲೆಯೇ ಹೊಟ್ಟೆ ತೋರಿಸಿಕೊಂಡು ಹೋಗುತ್ತವೆ. ಹೀಗಿದ್ದೂ ನನ್ನ ದೊಡ್ಡಪ್ಪನ ಮಗ ಮುನಿವೆಂಕಟಪ್ಪ ಅರವತ್ತು ದಾಟುವವರೆಗೆ ಯಲಹಂಕದ ಆಚೆ ಹೋದದ್ದೇ ಅಪರೂಪ. ಕಾರಣ ಬಡತನವಲ್ಲ, ಪುರುಸೊತ್ತಿಲ್ಲದ್ದೂ ಅಲ್ಲ. ಪಂಚಾಂಗ.

ನಾನು ಅವನನ್ನು ಮುನಿಯಣ್ಣ ಎನ್ನುತ್ತೇನೆ. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದು ಕಾಂಪೌಂಡ್ ಗೋಡೆ. ಅವನದು ಪಡುವಣಕ್ಕೆ, ನನ್ನದು ಮೂಡಣಕ್ಕೆ. ಈ ದಿಕ್ಕನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ತಲೆ ತಿಂದದ್ದು ಇದೇ.

ದೊಡ್ಡಬಳ್ಳಾಪುರದ ಒಂದು ಬಟ್ಟೆ ಗಿರಣಿಯಲ್ಲಿ ಅವನು ಮೂವತ್ತು ವರ್ಷ ಟೈಮ್ ಕೀಪರ್ ಆಗಿದ್ದ. ಯಾರು ಹೊತ್ತಿಗೆ ಸರಿಯಾಗಿ ಬಂದರು, ಯಾರು ತಡ ಮಾಡಿದರು ಎಂದು ಗೇಟಿನ ಬಳಿ ಕೂತು ಬರೆಯುವ ಕೆಲಸ. ಸೋಮವಾರ ಏಳೂವರೆಗೆ ರಾಹುಕಾಲ ಕೂರುತ್ತದೆ, ಅಷ್ಟರೊಳಗೆ ಮನೆ ಬಿಡಬೇಕು. ಹಾಗಾಗಿ ಸೋಮವಾರ ಬಂತೆಂದರೆ ಗೇಟಿನ ಬೀಗ ತೆಗೆಯುವವನಿಗಿಂತ ಮೊದಲೇ ಹೋಗಿ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದ. ಮಾಲೀಕರು ಇದನ್ನು ನಿಷ್ಠೆ ಎಂದು ತಿಳಿದು ಎರಡು ಸಲ ಶಾಲು ಹೊದಿಸಿದರು. ಎರಡು ಸಲವೂ ಶಾಲು ಹೊದಿಸುವ ಗಳಿಗೆಯನ್ನು ಅವನೇ ಗೊತ್ತು ಮಾಡಿದ್ದ.

ರಾಹುಕಾಲವಾದರೂ ಒಂದೂವರೆ ಗಂಟೆಯಲ್ಲಿ ಕಳೆದುಹೋಗುತ್ತದೆ. ಅವನನ್ನು ಊರಿನಲ್ಲೇ ಕಟ್ಟಿಹಾಕಿದ್ದು ವಾರಶೂಲೆ. ಇಂಥ ವಾರ ಇಂಥ ದಿಕ್ಕಿಗೆ ಹೊರಡಬಾರದು ಎಂಬ ಹಳೆಯ ಕಟ್ಟಳೆ ಅದು. ಸೋಮವಾರ, ಶನಿವಾರ ಮೂಡಲು ಬೇಡ. ಮಂಗಳವಾರ, ಬುಧವಾರ ಬಡಗಲು ಬೇಡ. ಗುರುವಾರ ತೆಂಕಲು, ಶುಕ್ರವಾರ ಭಾನುವಾರ ಪಡುವಲು. ನಮ್ಮ ಅಜ್ಜಂದಿರು ಸಂತೆಗೆ ಹೋಗುವಾಗ ಇದನ್ನು ನೋಡುತ್ತಿದ್ದರು, ತೀರಾ ಅವಸರವಿದ್ದರೆ ನೋಡದೆಯೂ ಹೋಗುತ್ತಿದ್ದರು. ಮುನಿಯಣ್ಣ ರೈಲಿಗೂ ಹಚ್ಚಿದ. ಕಾಶಿಗೆ ಟಿಕೆಟ್ ಆದದ್ದು ಬುಧವಾರಕ್ಕೆ, ಕಾಶಿ ಇರುವುದು ಬಡಗಲು, ಅಲ್ಲಿಗೆ ಕಾಶಿ ಮುಗಿಯಿತು. ರಾಮೇಶ್ವರವೂ ಹಾಗೆಯೇ ಒಂದು ಗುರುವಾರ ಮುಳುಗಿತು.

ಅತ್ತಿಗೆ ಅಂಜಿನಮ್ಮ ಇದನ್ನೆಲ್ಲ ಸಹಿಸಿಕೊಂಡೇ ಬಂದವರು. ಆದರೆ ಹೋದ ಬೇಸಿಗೆಯಲ್ಲಿ, ತಾರಸಿಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಾಗ, ತಲೆಯ ಮೇಲೆ ಒಂದು ವಿಮಾನ ಹೋಯಿತು. ಅವರು ಸೊಂಟದ ಮೇಲೆ ಕೈಯಿಟ್ಟು ಅದು ಮರೆಯಾಗುವವರೆಗೆ ನೋಡಿ ಗಂಡನ ಕಡೆ ತಿರುಗಿದರು.

“ಇದರ ಹೊಟ್ಟೆ ನೋಡಿ ನೋಡಿ ಸಾಕಾಗೈತೆ,” ಎಂದರು. “ಒಂದ್ಸಲ ಅದರೊಳಗೆ ಕೂತ್ಕೊಂಡು ಮೇಲಿಂದ ನಮ್ಮನೆ ನೋಡ್ಬೇಕು ನಾನು. ಕೈಕಾಲು ಗಟ್ಟಿ ಇರೋವಾಗ್ಲೇ.”

ಆ ದನಿಯಲ್ಲಿ ಏನಿತ್ತೋ, ಮುನಿಯಣ್ಣ ಪಂಚಾಂಗ ತೆಗೆಯದೆಯೇ ಹೂಂ ಅಂದುಬಿಟ್ಟ. ಅತ್ತಿಗೆ ಬಿಡಲಿಲ್ಲ. ನೆಲಮಂಗಲದಲ್ಲಿರುವ ಮಗಳು ಕವಿತಳನ್ನು ಕರೆಸಿ ಇಬ್ಬರದೂ ಪಾಸ್‌ಪೋರ್ಟ್ ಮಾಡಿಸಿದರು. ದೇವನಹಳ್ಳಿಯಲ್ಲಿ ಟ್ರಾವೆಲ್ಸ್ ಇಟ್ಟುಕೊಂಡಿರುವ ನರೇಶ್ ಎಂಬ ಹುಡುಗನನ್ನು ಹಿಡಿದರು. ಬ್ಯಾಂಕಾಕ್, ಕೌಲಾಲಂಪುರ, ಸಿಂಗಾಪುರ, ಮೂರು ಊರು ತೋರಿಸಿ ಒಂದು ವಾರದೊಳಗೆ ವಾಪಸ್ ಕರೆತರುವ ಗುಂಪು ಪ್ರವಾಸ ಅವನದು. ಶನಿವಾರ ಹೊರಟು ಮುಂದಿನ ಶುಕ್ರವಾರ ಮನೆ.

ನರೇಶ್ ಮನೆಗೆ ಬಂದು ಮೇಜಿನ ಮೇಲೆ ಬಣ್ಣಬಣ್ಣದ ಹಾಳೆ ಹರಡಿದ. ಮುನಿಯಣ್ಣ ಅದರ ಮೇಲೆ ಪಂಚಾಂಗ ಹರಡಿದ. ಹೋಟೆಲಿನಲ್ಲಿ ಇಡ್ಲಿ ಸಿಗುತ್ತದೆ, ಗುಂಪಿನ ಜೊತೆ ನಮ್ಮ ಕಡೆಯ ಅಡುಗೆಯವರೇ ಇರುತ್ತಾರೆ ಎಂದು ಹುಡುಗ ಹೇಳುತ್ತಿದ್ದರೆ, ಬ್ಯಾಂಕಾಕ್ ಇಲ್ಲಿಂದ ಯಾವ ದಿಕ್ಕು ಎಂದು ಇವನ ಪ್ರಶ್ನೆ. ಮೂಡಲು ಎಂದು ಗೊತ್ತಾದ ಕೂಡಲೇ ಕನ್ನಡಕ ತೆಗೆದಿಟ್ಟ. ಶನಿವಾರ ಮೂಡಲಿಗೆ ಹೋಗುವಂತಿಲ್ಲ. ಬೇರೆ ದಿನಕ್ಕೆ ಬದಲಾಯಿಸು ಎಂದ. ಒಂದೇ ಗುಂಪು, ಒಂದೇ ಟಿಕೆಟ್ಟು, ಬದಲಾಯಿಸಲು ಬರುವುದಿಲ್ಲ ಎಂದು ಹುಡುಗ ಬೆವರಿದ. ಆಮೇಲೆ ಏನೋ ಹೊಳೆದು, ವಿಮಾನ ಗಾಳಿ ನೋಡಿಕೊಂಡು ಒಂದೊಂದು ಸಲ ಪಡುವಲಿಗೇ ಏರಿ ಆಮೇಲೆ ತಿರುಗುತ್ತದೆ ಸಾರ್ ಎಂದ. ಅದನ್ನು ಬರೆದು ಕೊಡ್ತೀಯಾ ಎಂದು ಮುನಿಯಣ್ಣ ಕೇಳಿದ.

ಕೊನೆಗೆ ದಾರಿ ತೋರಿಸಿದ್ದೂ ಪಂಚಾಂಗವೇ. ಅದರ ಹೆಸರು ಪ್ರಸ್ಥಾನ, ನಮ್ಮ ಬಾಯಲ್ಲಿ ಪರಸ್ತಾನ. ಹೊರಡುವ ದಿನ ಸರಿಯಿಲ್ಲದಿದ್ದರೆ ಅದಕ್ಕೆ ಮುಂಚೆ ಒಂದು ಒಳ್ಳೆಯ ದಿನ ನೋಡಿ, ಪ್ರಯಾಣದ ಚೀಲವನ್ನು ಹೋಗುವ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿ ಇಟ್ಟುಬಿಡುವುದು. ಚೀಲ ಹೊರಟರೆ ಮನುಷ್ಯ ಹೊರಟ ಹಾಗೆ. ಆಮೇಲೆ ಅವನು ಯಾವಾಗ ಹೋದರೂ ದೋಷವಿಲ್ಲ. ಒಂದೇ ಷರತ್ತು, ಹೊರಟ ಚೀಲ ಮತ್ತೆ ಸ್ವಂತ ಮನೆಯ ಹೊಸಿಲು ದಾಟಿ ಒಳಗೆ ಬರಬಾರದು. ಬಂದರೆ ಪ್ರಯಾಣ ಕೆಟ್ಟಿತು.

ಶನಿವಾರಕ್ಕೆ ಇದರಿಂದ ಪರಿಹಾರವಾಯಿತು. ಆದರೆ ಕೌಲಾಲಂಪುರದಿಂದ ಸಿಂಗಾಪುರಕ್ಕೆ ಹೋಗುವುದು ಗುರುವಾರ, ಅದೂ ತೆಂಕಲಿಗೆ. ಸಿಂಗಾಪುರದಿಂದ ಮನೆಗೆ ಬರುವುದು ಶುಕ್ರವಾರ, ಪಡುವಲಿಗೆ. ಮುನಿಯಣ್ಣ ಅದಕ್ಕೂ ಯೋಜನೆ ಹಾಕಿದ. ಆಯಾ ಊರಿನ ಹೋಟೆಲಿನಲ್ಲಿ ಹಿಂದಿನ ದಿನವೇ ಚೀಲವನ್ನು ಆ ದಿಕ್ಕಿನ ಪಕ್ಕದ ರೂಮಿನವರ ಹತ್ತಿರ ಪರಸ್ತಾನ ಇಡುವುದು. ಆದ್ದರಿಂದ ತೆಂಕಲ ರೂಮಿನಲ್ಲೂ ಪಡುವಲ ರೂಮಿನಲ್ಲೂ ನಮ್ಮ ಕಡೆಯವರನ್ನೇ ಹಾಕಬೇಕು ಎಂದು ನರೇಶನಿಗೆ ಹೇಳಿದ. ನರೇಶ್ ಎಲ್ಲದಕ್ಕೂ ಆಯ್ತು ಸಾರ್ ಎಂದ. ವ್ಯಾಪಾರಕ್ಕೆ ಕೂತವನಿಗೆ ಅಷ್ಟು ಹೇಳಲು ಖರ್ಚೇನಿದೆ.

ಮೂಡಣದ ಮನೆ ನನ್ನದಾದ್ದರಿಂದ ಗುರುವಾರ ಬೆಳಗ್ಗೆ ಚೀಲಗಳು ನಮ್ಮ ಹಜಾರಕ್ಕೆ ಬಂದವು. ಮುನಿಯಣ್ಣನದು ಚಕ್ರವಿರುವ ನೀಲಿ ಪೆಟ್ಟಿಗೆಯಂಥ ಚೀಲ. ಅತ್ತಿಗೆಯದು ಕೆಂಪು, ಅದಕ್ಕಿಂತ ಸಣ್ಣದು, ಪಾಸ್‌ಪೋರ್ಟುಗಳಿದ್ದದ್ದು ಅದರಲ್ಲಿ. ನನ್ನ ಹೆಂಡತಿ ಪ್ರಮೋದಾ ಎರಡಕ್ಕೂ ಕುಂಕುಮ ಇಟ್ಟಳು. ಪರಸ್ತಾನ ಇಟ್ಟವನು ಬೇಕಾದ್ದನ್ನೆಲ್ಲ ಅದರೊಳಗೇ ತುಂಬಿಬಿಟ್ಟಿದ್ದಾನೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಟವೆಲಿಗೆ ಬಂದ, ಬಾಚಣಿಗೆಗೆ ಬಂದ, ಉಗುರು ಕತ್ತರಿಸಲು ಬಂದ. ಪ್ರತಿ ಸಲವೂ ಚೀಲ ಬಿಚ್ಚಿ, ನಮ್ಮ ಹಜಾರದಲ್ಲೇ ಕೆಲಸ ಮುಗಿಸಿ, ಮತ್ತೆ ಒಳಗಿಟ್ಟು ಹೋದ. ಸಂಜೆಯ ಹೊತ್ತಿಗೆ ನನಗೆ ರೇಗಿ, ಹಾಸಿಗೆಯನ್ನೂ ಇಲ್ಲೇ ತಂದುಬಿಡಣ್ಣ ಎಂದೆ. ಅದಕ್ಕೆ ಶಾಸ್ತ್ರದಲ್ಲಿ ಅಡ್ಡಿಯಿಲ್ಲ ಎಂದು ಗಂಭೀರವಾಗಿ ಹೇಳಿದ.

ಶುಕ್ರವಾರ ರಾಹುಕಾಲ ಹತ್ತೂವರೆಗೆ. ಅದಕ್ಕೆ ಸ್ವಲ್ಪ ಮುಂಚೆ ಬಿಪಿ ಮಾತ್ರೆಗೆಂದು ಬಂದ. ಮಾತ್ರೆ ಚೀಲದ ತಳದಲ್ಲಿತ್ತು. ಪಂಚೆ, ಬನಿಯನ್ನು, ಚಕ್ಕುಲಿ ಡಬ್ಬ ಎಲ್ಲವನ್ನೂ ಹೊರಗೆ ತೆಗೆದು, ಮಾತ್ರೆ ನುಂಗಿ, ಮತ್ತೆ ತುಂಬುವಷ್ಟರಲ್ಲಿ ನಮ್ಮ ಗೋಡೆ ಗಡಿಯಾರದಲ್ಲಿ ಹತ್ತೂವರೆ ಆಗುತ್ತಿತ್ತು. ಊರೊಳಗಿನ ಓಡಾಟಕ್ಕೆ ಶೂಲೆಯ ಲೆಕ್ಕವಿಲ್ಲ, ಆದರೆ ರಾಹುಕಾಲ ಕೂತ ಮೇಲೆ ಹೊರಟರೆ ನಮ್ಮ ಮನೆಯಿಂದ ಅವನ ಮನೆಗೆ ಹೋಗುವುದೂ ಒಂದು ಪ್ರಯಾಣವೇ. ಅವನ ಮುಖ ಬಿಳಿಚಿಕೊಂಡಿತು. ಜಿಪ್ ಎಳೆದ, ಎದ್ದ, ಓಡಿದ. ಗಿರಣಿಯ ಸೈರನ್ ಆದೊಡನೆ ಪಕ್ಕದಲ್ಲಿದ್ದ ಚೀಲ ಎತ್ತಿಕೊಂಡು ಮನೆಗೆ ಹೊರಟು ಮೂವತ್ತು ವರ್ಷ ಪಳಗಿದ ಕೈ ಅದು. ಅಂದೂ ಎತ್ತಿಕೊಂಡಿತು.

ಚೀಲ, ಚೀಲ ಎಂದು ನಾನು ಹಿಂದೆಯೇ ಕೂಗಿಕೊಂಡು ಹೋದೆ. ಅವನು ಅದನ್ನು ಬೇಗ ಬೇಗ ಎಂದು ತಿಳಿದನೋ ಏನೋ, ಇನ್ನೂ ಜೋರಾಗಿ ಓಡಿದ. ನಾನು ಬಾಗಿಲಿಗೆ ಬರುವಷ್ಟರಲ್ಲಿ ತನ್ನ ಹಜಾರದ ನಡುವೆ ನಿಂತು ಕೈಯಲ್ಲಿದ್ದ ನೀಲಿ ಚೀಲವನ್ನು ನೋಡುತ್ತಿದ್ದ. ಅವರೆಕಾಯಿ ಸುಲಿಯುತ್ತ ಕೂತಿದ್ದ ಅತ್ತಿಗೆಯೂ ಅದನ್ನೇ ನೋಡುತ್ತಿದ್ದರು.

“ಸಿದ್ದರಾಜು ಬಿಟ್ರೆ ಇನ್ಯಾರೂ ನೋಡಿಲ್ಲ,” ಎಂದರು ಅತ್ತಿಗೆ ನನ್ನ ಕಡೆ ಕೈ ತೋರಿಸಿ, ಮೆಲ್ಲಗೆ. “ಹಿಂದ್ಗಡೆ ಗೋಡೆ ಮೇಲಿಂದ ಆ ಕಡೆ ಇಳಿಸ್ಬಿಡಿ.”

“ನಾನು ನೋಡಿದೀನಲ್ಲ,” ಎಂದ ಮುನಿಯಣ್ಣ.

ಅವನ ಹುಚ್ಚಾಟ ಕಂಡರೆ ಮೈ ಉರಿಯುವ ನನಗೆ ಆ ಒಂದು ಗಳಿಗೆ ಮಾತ್ರ ಅವನ ಮೇಲೆ ಗೌರವ ಬಂತು. ಹೆಚ್ಚು ಹೊತ್ತು ಉಳಿಯಲಿಲ್ಲ. ಪ್ರಯಾಣ ಕೆಟ್ಟಿತು, ನಾನು ಬರುವುದಿಲ್ಲ ಎಂದು ಗೋಡೆಗೊರಗಿ ಕೂತ. ನರೇಶ್ ಫೋನಿನಲ್ಲಿ ಅತ್ತಂತೆ ಮಾತಾಡಿದ. ಕವಿತ ಜಗಳವಾಡಿದಳು. ನಾನು ದೇವನಹಳ್ಳಿಯ ಪುರೋಹಿತರಿಗೆ ಫೋನ್ ಹಚ್ಚಿ ಕೊಟ್ಟೆ. ಮರೆತು ತಂದದ್ದಕ್ಕೆ ದೋಷವಿಲ್ಲ, ದೇವರಿಗೊಂದು ಕಾಯಿ ಒಡೆದು ಹೊರಡಿ ಎಂದರು ಅವರು. ಪುರೋಹಿತರಿಗೆ ಶಾಸ್ತ್ರ ಅಷ್ಟಕ್ಕಷ್ಟೆ ಎಂದು ಹೇಳಿ ಮುನಿಯಣ್ಣ ಫೋನ್ ಇಟ್ಟ.

ಅತ್ತಿಗೆ ಅಷ್ಟೂ ಹೊತ್ತು ಅವರೆಕಾಯಿ ಸುಲಿದರು. ಕಣ್ಣಲ್ಲಿ ನೀರಿತ್ತು, ನಾನು ನೋಡಿದೆ. ಆಮೇಲೆ ಮೊರ ಪಕ್ಕಕ್ಕಿಟ್ಟು ಕೇಳಿದರು.

“ನನ್ ಚೀಲ ಎಲ್ಲೈತೆ?”

“ಸಿದ್ದರಾಜು ಮನೇಲಿ.”

“ಅದು ಈ ಹೊಸಿಲು ದಾಟಿ ವಾಪಸ್ ಬರ್ಬೋದಾ?”

“ಬರ್ಬಾರ್ದು,” ಎಂದ. ಹೇಳಿದ ಮೇಲೆ ತಲೆಯೆತ್ತಿದ.

“ಹಂಗಾದ್ರೆ ನಾನು ನಿನ್ನೇನೇ ಹೊರಟಾಗೈತೆ. ನಾಳೆ ಹೋಗ್ತೀನಿ.”

ಮುನಿಯಣ್ಣ ಪಂಚಾಂಗ ತೆಗೆದು ಬಹಳ ಹೊತ್ತು ಹುಡುಕಿದ. ಹೆಂಡತಿ ಒಬ್ಬಳೇ ಹೋಗಬಾರದು ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ಅತ್ತಿಗೆ ನಮ್ಮ ಮನೆಗೆ ಬಂದು ಪ್ರಮೋದಾಳ ಕೈ ಹಿಡಿದುಕೊಂಡರು. “ಭಯ ಆಗ್ತೈತೆ ಕಣಮ್ಮ,” ಎಂದರು. “ಹೋಗ್ದೆ ಇದ್ಬಿಡ್ತೀನೇನೋ ಅಂತ ಇನ್ನೂ ಭಯ.”

ಶನಿವಾರ ಅವರನ್ನು ಬಿಟ್ಟುಬಂದವನು ನಾನು. ವಿಮಾನ ನಿಲ್ದಾಣವೂ ನಮ್ಮೂರಿಗೆ ಮೂಡಲಾದ್ದರಿಂದ ಮುನಿಯಣ್ಣ ಗೇಟು ದಾಟಲಿಲ್ಲ. ಹುಷಾರು ಎಂದ, ಬರುವಾಗ ಸಿಂಗಾಪುರದಲ್ಲಿ ಪರಸ್ತಾನ ಇಡಲು ಮರೆಯಬೇಡ ಎಂದ. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಅತ್ತಿಗೆ ನಮ್ಮ ಹೊಸಿಲು ದಾಟುವಾಗ ಸೀನು ಬಂದಂತಾಗಿ ನಾನು ಮೂಗನ್ನು ಬಿಗಿಯಾಗಿ ಹಿಡಿದು ನಿಂತದ್ದು ಬೇರೆ ಮಾತು.

ಆ ವಾರ ಮುನಿಯಣ್ಣನ ಊಟ ನಮ್ಮ ಮನೆಯಲ್ಲೇ. ಅತ್ತಿಗೆಯ ಫೋಟೋಗಳು ಪ್ರಮೋದಾಳ ಫೋನಿಗೆ ಬರುತ್ತಿದ್ದವು. ಬ್ಯಾಂಕಾಕಿನ ಬಂಗಾರದ ಬುದ್ಧನ ಮುಂದೆ ಮುದುಡಿಕೊಂಡು ನಿಂತಿದ್ದರು. ಕೌಲಾಲಂಪುರದ ಜೋಡಿ ಗೋಪುರದ ಕೆಳಗೆ ಸೀರೆಗೆ ಬಿಳಿ ಬೂಟು ಹಾಕಿಕೊಂಡು ಸೊಂಟದ ಮೇಲೆ ಕೈಯಿಟ್ಟಿದ್ದರು. ಸಿಂಗಾಪುರ ತಲುಪುವಾಗ ಕಪ್ಪು ಕನ್ನಡಕವೂ ಬಂದಿತ್ತು. ಮುನಿಯಣ್ಣ ಪ್ರತಿ ಫೋಟೋವನ್ನೂ ಬೆರಳಿಂದ ದೊಡ್ಡದು ಮಾಡಿ ನೋಡುತ್ತಿದ್ದ. ಮೊದಲೆರಡು ದಿನ, ಎಷ್ಟು ಹೊತ್ತಿಗೆ ಹೊರಟರಂತೆ ಎಂದು ಕೇಳಿದ. ಆಮೇಲೆ, ಊಟ ಸೇರುತ್ತದಂತಾ ಎಂದು ಕೇಳಿದ. ಗುರುವಾರದ ಹೊತ್ತಿಗೆ ಏನೂ ಕೇಳದೆ ತಾರಸಿ ಹತ್ತಿ ವಿಮಾನ ನೋಡುತ್ತ ನಿಲ್ಲುತ್ತಿದ್ದ. ಅವಳಿಲ್ಲದೆ ಮನೆ ಬೇಜಾರು ಕಣೋ ಎಂದು ನನ್ನೆದುರೇ ಅಂದ.

ಅಂದು ಸಂಜೆ ಅತ್ತಿಗೆಯ ಫೋನ್ ಬಂತು. ಪ್ರಮೋದಾ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ನಾಳೆ ಶುಕ್ರವಾರ, ಪಡುವಲು ಶೂಲೆ, ಪರಸ್ತಾನ ಇಡೋಣವೆಂದರೆ ಪಕ್ಕದ ರೂಮಿನ ಹೊಸಕೋಟೆಯ ಹೆಂಗಸು ಬೀಗ ಹಾಕಿಕೊಂಡು ಅಂಗಡಿ ಸುತ್ತಲು ಹೋಗಿಬಿಟ್ಟಿದ್ದಾಳೆ ಎಂದರು ಅತ್ತಿಗೆ. ಹಿಂದೆ ಗಾಡಿಗಳ ಸದ್ದು, ಯಾರೋ ನಗುವ ಸದ್ದು ಕೇಳುತ್ತಿತ್ತು.

“ಏನ್ಮಾಡ್ಲಿ? ನೀವೇ ಹೇಳಿ,” ಎಂದರು. “ಇಲ್ಲೇ ಇದ್ಬಿಡ್ಲಾ? ಊರೇನೋ ಚೆನ್ನಾಗೈತೆ.”

ತಮಾಷೆಯೋ ನಿಜವೋ, ಆ ದನಿಯಿಂದ ನನಗೂ ಗೊತ್ತಾಗಲಿಲ್ಲ. ಮುನಿಯಣ್ಣ ಮುದ್ದೆ ಮುರಿಯುತ್ತಿದ್ದ ಕೈಯನ್ನು ಹಾಗೇ ಹಿಡಿದುಕೊಂಡಿದ್ದ. ಪಂಚಾಂಗ ಪಕ್ಕದ ಮನೆಯಲ್ಲಿತ್ತು, ಅದು ಅವನಿಗೆ ಬಾಯಿಪಾಠ.

“ಶೂಲೆನೂ ಬೇಡ ಏನೂ ಬೇಡ,” ಎಂದ. “ನೀನ್ ಬಂದ್ಬಿಡು.”

ಶುಕ್ರವಾರ ಹನ್ನೊಂದೂವರೆಗೆ ವಿಮಾನ ಇಳಿಯುವುದಿತ್ತು. ಮುನಿಯಣ್ಣ ಹತ್ತಕ್ಕೇ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನನ್ನ ಕಾರಿನ ಪಕ್ಕ ನಿಂತ. ಹತ್ತೂವರೆಯೊಳಗೆ ಹೊರಟು ಅಲ್ಲಿ ಹೋಗಿ ಕಾಯುವ ಲೆಕ್ಕ, ಅವನ ಹಳೆಯ ಸೋಮವಾರದ ಲೆಕ್ಕ. ನನಗೆ ಒಳಗೊಳಗೇ ಒಂದು ಹಟ ಹುಟ್ಟಿತು. ಕಾರಿನ ಬೀಗದ ಕೈ ಜೇಬಿನಲ್ಲಿಟ್ಟುಕೊಂಡೇ ಮನೆಯೆಲ್ಲ ಹುಡುಕಿದೆ. ಕಾಫಿ ಕುಡಿದೆ. ಕಾರಿನ ಗಾಜು ಒರೆಸಿದೆ. ರಾಹುಕಾಲ ಕೂತು ಕಾಲು ಗಂಟೆಯಾಯಿತು. ಇನ್ನೇನು ಒಳಗೆ ಹೋಗಿ ಕೂರುತ್ತಾನೆ, ಹನ್ನೆರಡರವರೆಗೆ ಏಳುವುದಿಲ್ಲ ಎಂದು ಕಾದೆ. ಅವನು ಗಡಿಯಾರ ನೋಡಿಕೊಂಡ, ನನ್ನನ್ನೂ ನೋಡಿದ. ಆಮೇಲೆ ಕಾರಿನ ಬಾಗಿಲು ತೆಗೆದು ಒಳಗೆ ಕೂತ.

“ನಡಿಯಪ್ಪಾ,” ಎಂದ. “ಅವಳು ಬಂದು ಒಬ್ಳೇ ನಿಂತ್ಕೊಂಡಿರ್ತಾಳೆ.”

ನನಗೆ ನಾಚಿಕೆಯಾಯಿತು. ಜೇಬಿನಿಂದ ಬೀಗದ ಕೈ ತೆಗೆದು ಕಾರು ಹೊರಡಿಸಿದೆ.

ಅತ್ತಿಗೆ ಬಿಳಿ ಬೂಟಿನಲ್ಲೇ ಗಾಡಿ ತಳ್ಳಿಕೊಂಡು ಹೊರಗೆ ಬಂದರು, ಕಪ್ಪು ಕನ್ನಡಕ ತಲೆಯ ಮೇಲಿತ್ತು. ಮೇಲಿಂದ ನೋಡಿದರೆ ಎಲ್ಲ ತಾರಸಿಗಳೂ ಒಂದೇ ಥರ, ನಮ್ಮನೆ ಯಾವುದೋ ತಿಳಿಯಲೇ ಇಲ್ಲ ಎಂದರು. ಅದಕ್ಕೆ ಬೇಸರವೇನೂ ಇದ್ದಂತೆ ಕಾಣಲಿಲ್ಲ. ಆಮೇಲೆ ಗಂಡನನ್ನು ಮೇಲಿಂದ ಕೆಳಗೆ ನೋಡಿದರು.

“ಎಷ್ಟೊತ್ತಿಗೆ ಹೊರಟ್ರಿ?”

“ಹತ್ತೂ ಮುಕ್ಕಾಲು.”

ಅತ್ತಿಗೆ ಕೆಂಪು ಚೀಲವನ್ನು ಗಾಡಿಯಿಂದ ಎತ್ತಿ ಅವನ ಕೈಗೆ ಕೊಟ್ಟರು.

“ಹಂಗಾದ್ರೆ ಮುಂದಿನ ಸಲ ನಿಮ್ಮನ್ನೂ ಕರ್ಕೊಂಡು ಹೋಗ್ಬೋದು,” ಎಂದರು.