ನನ್ನ ತೆಲುಗೂ ನೆಮಲಿ ಎಂಬ ಹುಂಜವೂ

ಕನ್ನಡ ಓದಲು ಬರುವವರಿಗೆಲ್ಲ ಆಂಧ್ರಕ್ಕೆ ಕಾಲಿಟ್ಟ ಕೂಡಲೇ ಒಂದು ರೋಗ ತಗಲುತ್ತದೆ. ಅಂಗಡಿಯ ಬೋರ್ಡುಗಳಲ್ಲಿ ನಮ್ಮ ಅಕ್ಷರಗಳೇ ತಲೆಕಟ್ಟನ್ನು ಸ್ವಲ್ಪ ವಾರೆಯಾಗಿಸಿಕೊಂಡು ಕುಳಿತಂತೆ ಕಾಣುತ್ತವೆ. ಎರಡು ದಿನ ಕಷ್ಟಪಟ್ಟು ಓದಿ, ಮೂರನೆಯ ದಿನ ‘ನನಗೆ ತೆಲುಗು ಬರುತ್ತದೆ’ ಎಂದುಕೊಳ್ಳುತ್ತೇವೆ. ರೋಗ ಇಲ್ಲಿಗೇ ನಿಂತರೆ ಚಿಂತೆಯಿಲ್ಲ. ಬರೆಯಲು ಹೊರಟಾಗ ಮಾತ್ರ ಮನೆಗೆ ಹುಂಜ ಬರುತ್ತದೆ.

ನಾನು ಹಾವೇರಿಯವಳು. ಬ್ಯಾಂಕಿನ ಕೃಪೆಯಿಂದ ವಿಜಯವಾಡದ ಶಾಖೆಯೊಂದಕ್ಕೆ ವರ್ಗವಾಗಿ ಬಂದು, ಏಲೂರು ಕಾಲುವೆಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಮನೆ ಮಾಡಿದ್ದೆ. ಇತಿಹಾಸದ ಅಧ್ಯಾಪಕರಾಗಿ ನಿವೃತ್ತರಾಗಿದ್ದ ನಮ್ಮ ಮನೆಯವರು, ಇನ್ನು ಮುಂದೆ ಯಾವ ಯುದ್ಧದ ಕಾರಣಗಳನ್ನೂ ಯಾರಿಗೂ ವಿವರಿಸಬೇಕಾಗಿಲ್ಲ ಎಂಬ ಸಂತೋಷದಲ್ಲಿ ಜೊತೆಗೆ ಬಂದಿದ್ದರು. ತೆಲುಗಿನ ಬಗ್ಗೆ ನನ್ನದೇ ಒಂದು ಸಿದ್ಧಾಂತವಿತ್ತು. ನಮ್ಮ ಹಾಲು ಅವರಿಗೆ ಪಾಲು, ನಮ್ಮ ಹುಲಿ ಪುಲಿ, ಹೂವು ಪುವ್ವು. ಹಳಗನ್ನಡದವರು ಬಿಟ್ಟುಹೋದ ಪಕಾರವನ್ನು ಇವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ, ನಾವು ಹಕಾರ ಇರುವಲ್ಲೆಲ್ಲ ಅದನ್ನು ವಾಪಸು ಇಟ್ಟರೆ ಆಯಿತು. ಈ ಸಿದ್ಧಾಂತದ ಮೇಲೆ ತರಕಾರಿಯವಳ ಜೊತೆ ತಕ್ಕಮಟ್ಟಿಗೆ ಬದುಕಿದ್ದೆ.

ಮೊದಲ ಧನುರ್ಮಾಸದಲ್ಲಿ ನಮ್ಮ ಗ್ರಾಹಕರೊಬ್ಬರು, ವೆಂಕಟೇಶ್ವರರಾವುಗಾರು, ಗನ್ನವರಂ ಹತ್ತಿರದ ತಮ್ಮ ಊರಿಗೆ ರಂಗೋಲಿ ನೋಡಲು ಕರೆದರು. ದೊಡ್ಡ ಮಾವಿನ ತೋಟದ ಯಜಮಾನರು, ಬಿಳಿ ಅಂಗಿ, ಮೆಲುದನಿ. ರಂಗೋಲಿ ಚೆನ್ನಾಗಿತ್ತು. ಊಟ ಅದಕ್ಕಿಂತ ಚೆನ್ನಾಗಿತ್ತು. ಊಟವಾದ ಮೇಲೆ ತಮ್ಮ ಮನೆಯ ನಿಜವಾದ ಐಶ್ವರ್ಯ ತೋರಿಸುತ್ತೇನೆಂದು ಹಿತ್ತಿಲಿಗೆ ಕರೆದೊಯ್ದರು. ಅಲ್ಲೊಂದು ಹುಂಜ. ನವಿಲಿನಂಥ ಬಣ್ಣವಿದ್ದುದರಿಂದ ಹೆಸರು ನೆಮಲಿ, ಅಂದರೆ ನವಿಲೇ. ಸಂಕ್ರಾಂತಿಯ ಕೋಳಿಪಂದ್ಯಕ್ಕೆಂದು ಅದಕ್ಕೆ ಬಾದಾಮಿ, ಬೇಯಿಸಿದ ಮೊಟ್ಟೆ, ತೊಟ್ಟಿಯಲ್ಲಿ ಈಜು, ಬಿಸಿನೀರಿನ ಶಾಖ ಎಲ್ಲ ನಡೆದಿತ್ತು. ನಮ್ಮ ಕಡೆ ಮದುಮಗನಿಗೂ ಇಷ್ಟು ನಡೆಯುವುದಿಲ್ಲ. ಯಾವ ಬಣ್ಣದ ಹುಂಜ ಯಾವ ವಾರ ಯಾವ ದಿಕ್ಕಿಗೆ ಮುಖ ಮಾಡಿದರೆ ಗೆಲ್ಲುತ್ತದೆ ಎಂದು ಹೇಳುವ ಪಂಚಾಂಗವೂ ಇದೆಯಂತೆ. ನಮ್ಮ ಮನೆಯವರು ಆಸಕ್ತಿಯಿಂದ ಕೇಳಿ, ಎದುರಿನ ಹುಂಜದವರೂ ಅದೇ ಪಂಚಾಂಗ ನೋಡಿ ಬಂದಿದ್ದರೆ ಏನು ಗತಿ ಎಂದರು. ರಾವುಗಾರು ಬಹಳ ಹೊತ್ತು ಯೋಚಿಸಿದರು.

ಆಮೇಲೆ ಅವರು ಒಂದು ಡಬ್ಬಿ ತೆರೆದರು. ಒಳಗೆ ಕೆಂಪು ಮಖಮಲ್ಲಿನ ಮೇಲೆ, ಓಲೆ ಜುಮಕಿ ಇಡುವ ಹಾಗೆ, ಸಣ್ಣ ಚಾಕುಗಳನ್ನು ಇಟ್ಟಿದ್ದರು. ಹಬ್ಬದ ದಿನ ಹುಂಜದ ಕಾಲಿಗೆ ಕಟ್ಟುವಂಥವು. ಒಂದನ್ನು ನನ್ನ ಅಂಗೈಗಿಟ್ಟರು. ಹಗುರವಾಗಿತ್ತು. ಅಷ್ಟು ಹಗುರವಾಗಿದ್ದುದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಮನೆಗೆ ಬಂದವಳೇ ಮುಖಪುಸ್ತಕ ತೆರೆದೆ. ಅದುವರೆಗೆ ಅಲ್ಲಿ ನಾನು ಹಾಕಿದ್ದೆಂದರೆ ಶುಭೋದಯದ ಹೂವು, ಹೋಳಿಗೆಯ ಫೋಟೋ. ಈ ಸಲ ಮನಸ್ಸಿನಲ್ಲಿದ್ದುದನ್ನೆಲ್ಲ ಕನ್ನಡದಲ್ಲಿ ಬರೆದು, ಓದಬೇಕಾದವರು ತೆಲುಗರಲ್ಲವೇ ಎಂದು ಕೊನೆಯ ಸಾಲನ್ನು ತೆಲುಗು ಮಾಡಿದೆ. ‘ನಮ್ಮ ಸಲುವಾಗಿಯಾದರೂ ಹುಂಜಗಳನ್ನು ಬಿಟ್ಟುಬಿಡಿ’ ಎಂಬುದು ನನ್ನ ಸಾಲು. ಹುಂಜಕ್ಕೆ ಪುಂಜು. ಸಿದ್ಧಾಂತ ಕೈಬಿಡಲಿಲ್ಲ. ‘ಮಾ ಕೋಸಂ ಪುಂಜುಲನಿ ವದಿಲೇಯಂಡಿ’ ಎಂದು ದಪ್ಪಕ್ಷರದಲ್ಲಿ ಬರೆದು, ಜೊತೆಗೆ ಬ್ಯಾಂಕಿನ ಕೌಂಟರಿನಲ್ಲಿ ನಗುತ್ತ ಕುಳಿತಿದ್ದ ನನ್ನ ಫೋಟೋ ಹಾಕಿ ಮಲಗಿದೆ.

ಬೆಳಗ್ಗೆ ನೋಡಿದರೆ ಲೋಕವೆಲ್ಲ ಅದನ್ನು ಹಂಚಿಕೊಂಡಿತ್ತು. ನನ್ನ ಕರುಣೆ ಇಷ್ಟು ಪರಿಣಾಮಕಾರಿ ಎಂದು ನನಗೇ ಗೊತ್ತಿರಲಿಲ್ಲ. ಬ್ಯಾಂಕಿನಲ್ಲಿ ನಮ್ಮ ಗುಮಾಸ್ತೆಯೊಬ್ಬಳು ಸಂಕೋಚದಿಂದ ವಿವರಿಸಿದಳು: ಆ ಸಾಲನ್ನು ‘ನಮ್ಮ ಸಲುವಾಗಿ ಬಿಟ್ಟುಬಿಡಿ’ ಎಂದೂ ಓದಬಹುದು, ‘ಹುಂಜಗಳನ್ನು ನಮಗಾಗಿ ಬಿಟ್ಟುಹೋಗಿ’ ಎಂದೂ ಓದಬಹುದು. ಜನ ಎರಡನೆಯ ರೀತಿ ಓದಿದ್ದರು. ಬ್ಯಾಂಕಿನ ಮೇಡಂ ಒಬ್ಬರು ಹುಂಜ ಸಂಗ್ರಹಿಸುತ್ತಿದ್ದಾರೆ ಎಂದು ಸುದ್ದಿ. ಬಿರಿಯಾನಿಗೋ ಪಂದ್ಯಕ್ಕೋ ಎಂಬುದರ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿತ್ತು.

ನಾನು ಸಾಲು ತಿದ್ದುವಷ್ಟರಲ್ಲಿ ಭಾನುವಾರ ಬಂತು, ಬಾಗಿಲಲ್ಲಿ ವೆಂಕಟೇಶ್ವರರಾವುಗಾರು ಬಂದು ನಿಂತರು. ಕಂಕುಳಲ್ಲಿ ನೆಮಲಿ. ಕಾಫಿ ಕುಡಿಯುತ್ತ ಕಥೆ ಹೇಳಿದರು. ಹಿಂದಿನ ದಿನ ಚಾಕು ಕಟ್ಟದೆ ಒಂದು ತಾಲೀಮು ಪಂದ್ಯ ಇಟ್ಟಿದ್ದರಂತೆ. ಸುತ್ತಲಿನ ನಾಲ್ಕು ಊರಿನವರ ಮುಂದೆ ನೆಮಲಿ ಎದುರಾಳಿಯನ್ನು ಒಮ್ಮೆ ನೋಡಿ, ಬೆನ್ನು ತಿರುಗಿಸಿ, ನೆಲದಲ್ಲಿ ಬಿದ್ದಿದ್ದ ಸಜ್ಜೆ ಹೆಕ್ಕತೊಡಗಿತು. ಮತ್ತೆ ಮತ್ತೆ ಎದುರು ತಿರುಗಿಸಿ ಬಿಟ್ಟರೂ ಅಷ್ಟೇ. ಅಂಥ ಹುಂಜಕ್ಕೆ ಊರಿನಲ್ಲಿ ಇರುವುದು ಒಂದೇ ಜಾಗ, ಒಲೆಯ ಮೇಲಿನ ಪಾತ್ರೆ. ಆದರೆ ಅವರ ಹೆಂಡತಿ ಕೈಯಾರೆ ತಿನ್ನಿಸಿ ಬೆಳೆಸಿದ್ದನ್ನು ಬೇಯಿಸುವುದಿಲ್ಲ ಎಂದು ಅಡಿಗೆಮನೆಯ ಬಾಗಿಲು ಹಾಕಿಕೊಂಡಿದ್ದರು. ಅಣ್ಣತಮ್ಮಂದಿರು ಮಾತ್ರ ಸಂಜೆ ಊಟಕ್ಕೆ ಬರುತ್ತೇವೆಂದು ಹೇಳಿ ಹೋಗಿದ್ದರು.

ನಾವು ಸಸ್ಯಾಹಾರಿಗಳು, ಇದು ಎರಡನೆಯ ಮಹಡಿ, ಇಲ್ಲಿ ಹುಂಜ ಸಾಕುವುದು ಹೇಗೆ ಎಂದು ನಾನು ಏನೇನೋ ಹೇಳಿದೆ. ರಾವುಗಾರು ಅದೇ ಮೆಲುದನಿಯಲ್ಲಿ, “ಮೀರೇ ಅಡಿಗಾರು ಕದಂಡಿ” ಎಂದರು. ನೀವೇ ಕೇಳಿದಿರಲ್ಲ ಎಂದು. ಅವರ ಧ್ವನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಯಾರಾದರೂ ಕೇಳಿದರಲ್ಲ ಎಂಬ ನೆಮ್ಮದಿಯಿತ್ತು. ಬಾದಾಮಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಹಿಂದಿರುಗಿ ನೋಡದೆ ಮೆಟ್ಟಿಲಿಳಿದರು.

ಎದುರಾಳಿಗೆ ಬೆನ್ನು ತೋರಿಸಿದ ಆ ಶಾಂತಿದೂತ ನಮ್ಮ ಮನೆಯಲ್ಲಿ ಮೊದಲು ಮಾಡಿದ ಕೆಲಸವೆಂದರೆ ಬೀರುವಿನ ಕನ್ನಡಿಯ ಮೇಲೆ ಯುದ್ಧ ಸಾರಿದ್ದು. ನಿಜವಾದ ಹುಂಜಗಳ ಮೇಲೆ ಇಲ್ಲದ ಸಿಟ್ಟೆಲ್ಲ ಅದಕ್ಕೆ ತನ್ನ ಬಿಂಬದ ಮೇಲಿತ್ತು. ನಾವು ಕನ್ನಡಿಗಳಿಗೆಲ್ಲ ಹಾಸಿಗೆಯ ಚಾದರ ಹೊದಿಸಿದೆವು. ಹೊಳೆಯುವ ಸ್ಟೀಲಿನ ಕೊಡಗಳನ್ನು ಅಟ್ಟಕ್ಕೆ ಏರಿಸಿದೆವು. ನಮ್ಮ ಮನೆಯವರು ಕನ್ನಡಿಯಿಲ್ಲದೆ ದಾಡಿ ಮಾಡಿಕೊಂಡು ಗದ್ದದ ತುಂಬ ಗಾಯದೊಂದಿಗೆ ಓಡಾಡಿದರು. ಆದರೂ ಅದರ ಮೇಲೆ ಅವರಿಗೆ ಮಮತೆ ಬಂದಿತ್ತು. ಪೇಪರು ಓದುವಾಗ ಪಕ್ಕದ ಕುರ್ಚಿಯ ಬೆನ್ನಿನ ಮೇಲೆ ಕೂರಿಸಿಕೊಂಡು ಮುಖ್ಯ ಸುದ್ದಿಗಳನ್ನು ಓದಿ ಹೇಳುತ್ತಿದ್ದರು.

ಅಪಾರ್ಟ್‌ಮೆಂಟಿನ ಸಂಘ ಸಭೆ ಸೇರಿತು. ಮೆಟ್ಟಿಲ ಬಳಿಯ ಫಲಕದಲ್ಲಿ ಕಟ್ಟಡದೊಳಗೆ ಮಾಂಸಾಹಾರ ತರಕೂಡದು ಎಂದು ಬರೆದಿತ್ತು. ಜೀವಂತ ಹುಂಜ ಮಾಂಸಾಹಾರವೋ ಅಲ್ಲವೋ ಎಂಬುದು ಚರ್ಚೆಯ ವಿಷಯ. ನಮ್ಮ ಮನೆಯವರು ಎದ್ದು ನಿಂತು ಹಾವೇರಿಯ ಕನ್ನಡದಲ್ಲೇ ವಾದಿಸಿದರು: “ಅದು ಬಾದಾಮಿ, ಸಜ್ಜಿ ಬಿಟ್ಟು ಏನೂ ಮುಟ್ಟೂದಿಲ್ರಿ. ಈ ಬಿಲ್ಡಿಂಗ್‌ನ್ಯಾಗ ಅದರಷ್ಟು ಶುದ್ಧ ಸಸ್ಯಾಹಾರಿ ಯಾರದಾರ ತೋರಿಸ್ರಿ.” ಯಾರಿಗೂ ಅರ್ಥವಾಗಲಿಲ್ಲ. ಪುಣ್ಯಕ್ಕೆ ಮೊಟ್ಟೆಯ ವಿಷಯ ಅವರು ಮರೆತಿದ್ದರು. ಕಾರ್ಯದರ್ಶಿಗಳು ಬಹಳ ಗೌರವದಿಂದ, ಭೋಗಿ ಹಬ್ಬದೊಳಗೆ ಹುಂಜಕ್ಕೆ ಬೇರೆ ಮನೆ ನೋಡಿ ಅಂಡಿ ಎಂದು ತೀರ್ಮಾನಿಸಿದರು.

ಸರಿ, ಮತ್ತೆ ಮುಖಪುಸ್ತಕ. ನೆಮಲಿಯ ಚಂದದ ಫೋಟೋ ಹಾಕಿ, ಈ ಸಲ ಗುಮಾಸ್ತೆಯಿಂದ ತಿದ್ದಿಸಿ, ಯಾರಾದರೂ ಪ್ರೀತಿಯಿಂದ ಸಾಕಿಕೊಳ್ಳಿ ಎಂದು ಬರೆದೆ. ಕೆಂಪು ಹೃದಯಗಳ ಸುರಿಮಳೆಯಾಯಿತು. ಅಷ್ಟು ಹೃದಯಗಳ ನಡುವೆ ಒಂದೇ ಒಂದು ಹಿತ್ತಿಲು ಇರಲಿಲ್ಲ. ಬೇಕೆಂದವರು ಮೊದಲು ತೂಕ ಕೇಳಿದರು. ಇನ್ನು ಕೆಲವರು ಫೋಟೋದ ಹಿಂದೆ ಚಾದರ ಹೊದಿಸಿದ ಕನ್ನಡಿ ನೋಡಿ, ಈಕೆ ಬಡಪಾಯಿ ಹಕ್ಕಿಯನ್ನು ಕತ್ತಲಕೋಣೆಯಲ್ಲಿ ಕೂಡಿಹಾಕಿದ್ದಾಳೆಂದು ಪತ್ತೆ ಹಚ್ಚಿದರು. ಸಂಜೆಯ ಹೊತ್ತಿಗೆ ‘ನೆಮಲಿಯನ್ನು ಬಿಡುಗಡೆ ಮಾಡಿ’ ಎಂಬ ಚಳವಳಿ ಶುರುವಾಗಿ, ಅದಕ್ಕೆ ನನ್ನ ಹೋಳಿಗೆ ಫೋಟೋಗಳನ್ನು ಮೆಚ್ಚುತ್ತಿದ್ದ ಹಳೆಯ ಗೆಳತಿಯೂ ಸಹಿ ಹಾಕಿದ್ದಳು. ಪ್ರಾಣಿದಯೆಗೆ ಇಳಿದ ನಾನು ಒಂದೇ ವಾರದಲ್ಲಿ ಪ್ರಾಣಿಹಿಂಸಕಿಯಾಗಿದ್ದೆ. ನಮ್ಮ ಮನೆಯವರು ಗದ್ದಕ್ಕೆ ಪಟ್ಟಿ ಹಚ್ಚಿಕೊಳ್ಳುತ್ತ, “ಅವರೂ ಕನ್ನಡಿ ಜೋಡಿ ಕಾದಾಡಾಕತ್ತಾರ, ನೀ ಮನಸಿಗೆ ಹಚ್ಗೋಬ್ಯಾಡ” ಎಂದರು.

ಆ ಗದ್ದಲದ ನಡುವೆ ತೆಲುಗು ಲಿಪಿಯಲ್ಲಿ ಕನ್ನಡ ಬರೆದ ಒಂದು ಸಂದೇಶ ಬಂತು. ವಿಶಾಖಪಟ್ಟಣದ ರಾಜ್ಯಲಕ್ಷ್ಮಿ ಎಂಬುವರು. ತಾಯಿ ಬಳ್ಳಾರಿಯವರು, ತಂದೆ ತೆಲುಗರು. ಋಷಿಕೊಂಡದ ಹತ್ತಿರ ದೊಡ್ಡ ಕಾಂಪೌಂಡಿನ ಮನೆ, ದಿಕ್ಕಿಲ್ಲದ ಪ್ರಾಣಿಗಳೊಂದಿಗೆ ಇರುತ್ತಾರೆ. ಬರೆದದ್ದು ಎರಡೇ ಸಾಲು: “ಕೋಡಿನ ತಂದುಬಿಡ್ರಿ. ತೂಕ ಬೇಡ, ಅದರ ಸ್ವಭಾವಂ ಹೇಳ್ರಿ.” ತೆಲುಗಿನ ಕೋಡಿ ನಮ್ಮ ಕೋಳಿಯೇ. ಓದುವಾಗ ನನ್ನ ಕಣ್ಣು ತುಂಬಿತು.

ಭೋಗಿಯ ಹಿಂದಿನ ದಿನ ಬುಟ್ಟಿಯಲ್ಲಿ ನೆಮಲಿಯನ್ನು ಕೂರಿಸಿ ಕಾರಿನಲ್ಲಿ ಹೊರಟೆವು. ಕಾರಿನ ಕನ್ನಡಿಗೂ ಕರವಸ್ತ್ರ ಕಟ್ಟಿದ್ದರಿಂದ, ಕಾರು ನಡೆಸುತ್ತಿದ್ದ ನಮ್ಮ ಮನೆಯವರು ಹಿಂದೆ ಬರುವ ಲಾರಿಗಳನ್ನು ಶಬ್ದದಿಂದಲೇ ಗುರುತಿಸುತ್ತಿದ್ದರು. ಗೋದಾವರಿ ದಾಟಿದ ಮೇಲೆ ಒಂದೆಡೆ ಪೊಲೀಸರು ಗಾಡಿ ತಡೆದರು. ಪಂದ್ಯಕ್ಕೆ ಹುಂಜ ಸಾಗಿಸುವವರನ್ನು ಹಿಡಿಯಲೆಂದೇ ಹಾಕಿದ್ದ ತಪಾಸಣೆ. ಬುಟ್ಟಿಯ ಬಟ್ಟೆ ಎತ್ತಿದ ಎಸ್ಸೈಯ ಮುಖ ಅರಳಿತು. ಪಂದ್ಯದ ಜಾತಿಯ ಹುಂಜ, ಪಕ್ಕದಲ್ಲಿ ಬಾದಾಮಿ ಪೊಟ್ಟಣ, ಗದ್ದದ ತುಂಬ ಗಾಯವಿರುವ ಗಂಡಸು.

ನಾನು ಪಂದ್ಯದ ವಿರೋಧಿ ಎಂದು ನನ್ನ ಬರಹವನ್ನೇ ತೆರೆದು ತೋರಿಸಿದೆ. ಗಡಿಬಿಡಿಯಲ್ಲಿ ಯಾರೋ ಹಂಚಿಕೊಂಡಿದ್ದ ತಿದ್ದದ ಸಾಲೇ ತೆರೆದುಕೊಂಡಿತ್ತು. ಎಸ್ಸೈ ಗಟ್ಟಿಯಾಗಿ ಓದಿ, ಹುಂಜ ಕಳಿಸಿ ಎಂದು ಬಹಿರಂಗವಾಗಿಯೇ ಕೇಳಿದ್ದೀರಲ್ಲ ಎಂದರು. ನೆಮಲಿ ಇನ್ನು ಮೇಲೆ ಪ್ರಕರಣದ ವಸ್ತು. ಠಾಣೆಯಲ್ಲಿರುತ್ತದೆ, ಆಮೇಲೆ ಹರಾಜು. ಹರಾಜಿನಲ್ಲಿ ಕೊಳ್ಳುವವರು ಯಾರು ಎಂದು ಕೇಳಿದೆ. ಅವರು ಹೊಲದಲ್ಲಿ ಪಂದ್ಯಕ್ಕೆಂದು ಏಳುತ್ತಿದ್ದ ಶಾಮಿಯಾನದ ಕಡೆ ನೋಡಿದರು.

ಆಗ ನಮ್ಮ ಮನೆಯವರು ಬುಟ್ಟಿಗೆ ಅಡ್ಡ ನಿಂತರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಯಾರಿಗೂ ಅಡ್ಡ ನಿಂತದ್ದನ್ನು ನಾನು ನೋಡಿರಲಿಲ್ಲ. “ಇದು ಕಾದಾಡೂ ಹುಂಜ ಅಲ್ರಿ ಸಾಹೇಬರ. ಹಂಗಂತನ ಇದನ್ನ ಮನಿಯಿಂದ ಹೊರಗ ಹಾಕ್ಯಾರ” ಎಂದರು. ನಾನು ತೆಲುಗು ಮಾಡಿದೆ. ಈ ಸಲ ಒಂದೇ ಅರ್ಥ ಬಂತು.

ಎಸ್ಸೈ ಒಂದು ಪರೀಕ್ಷೆ ಸೂಚಿಸಿದರು. ವಶಪಡಿಸಿಕೊಂಡ ಕರಿಯ ಹುಂಜವೊಂದು ಜೀಪಿನಲ್ಲಿತ್ತು. ಪೇದೆಯೊಬ್ಬ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಬಂದು, ಬುಟ್ಟಿಯಿಂದ ಇಳಿಸಿದ ನೆಮಲಿಯ ಎದುರು ಕುಕ್ಕರಗಾಲಲ್ಲಿ ಕುಳಿತ. ಇದು ಮೇಲೆ ಬಿದ್ದರೆ ಪಂದ್ಯದ ಹುಂಜ, ಬೀಳದಿದ್ದರೆ ನೀವು ಹೋಗಬಹುದು. ಕರಿಯದು ಕತ್ತು ಉಬ್ಬಿಸಿ ಕೊಸರಾಡುತ್ತಿತ್ತು. ನಮ್ಮದು ಅದನ್ನು ನೋಡಿತು. ಕತ್ತಿನ ಗರಿ ಒಂದಿಷ್ಟು ಎದ್ದಿತು. ನಾನು ನಮ್ಮ ಮನೆಯವರ ತೋಳು ಹಿಡಿದೆ. ಹೆದ್ದಾರಿಯ ಮೇಲೆ ನಿಂತು, ಒಂದು ಜೀವ ಹೇಡಿಯಾಗಿರಲಿ ಎಂದು ನಾನು ಕುಲದೇವರಿಗೆ ಹರಕೆ ಹೊತ್ತೆ. ಹೀಗೊಂದು ಹರಕೆಯನ್ನು ಆ ದೇವರು ಹಿಂದೆ ಕೇಳಿರಲಾರದು. ನೆಮಲಿ ಮೆಲ್ಲಗೆ ಬೆನ್ನು ತಿರುಗಿಸಿ, ಎಸ್ಸೈಯ ಬೂಟಿನ ಹತ್ತಿರ ಬಿದ್ದಿದ್ದ ಭತ್ತದ ಕಾಳನ್ನು ಹೆಕ್ಕಿತು.

ಎಸ್ಸೈ ಟೋಪಿ ತೆಗೆದು ತಲೆ ಒರೆಸಿಕೊಂಡು, “ಬುದ್ಧಿಮಂತುಡು” ಎಂದರು. ಹೋಗುವ ಮುಂಚೆ ಅದರ ಜೊತೆ ಒಂದು ಸೆಲ್ಫಿಯನ್ನೂ ತೆಗೆದುಕೊಂಡರು.

ಅನಕಾಪಲ್ಲಿಯಲ್ಲಿ ಬೆಲ್ಲ ಕೊಂಡೆವು, ಸಂಜೆಗೆ ಸಮುದ್ರ ಕಂಡಿತು. ರಾಜ್ಯಲಕ್ಷ್ಮಿಗಾರು ಗೇಟಿನಲ್ಲೇ ಕಾಯುತ್ತಿದ್ದರು. ಅವರ ಹಿಂದೆ, ಕಡಲ ದಂಡೆಯಲ್ಲಿ ಪ್ರವಾಸಿಗರನ್ನು ಹೊತ್ತು ಸುಸ್ತಾದ ಒಂದು ಕುದುರೆ, ಕುಂಟುವ ನಾಯಿ, ಬಾತುಗಳು. “ಬರ್ರಿ, ಮೊದಲು ಊಟಂ ಮಾಡೋಣ. ನಂದು ಕನ್ನಡ ಅಮ್ಮನ ಜೊತೆ ಮಾತ್ರಮೇ, ತಪ್ಪು ಇದ್ರೆ ಏಮನುಕೋಬೇಡಿ” ಎಂದರು. ಅವರೂ ಮುಖಪುಸ್ತಕದಲ್ಲಿ ಬರೆಯುವವರೇ. ಆದರೆ ಯಾರನ್ನೂ ಬೈಯುವುದಿಲ್ಲ, ಬೇಡುವುದೂ ಇಲ್ಲ. ಇವತ್ತು ಕುದುರೆ ಏನು ತಿಂದಿತು, ಬಾತುಗಳು ಯಾಕೆ ಮುನಿಸಿಕೊಂಡವು ಎಂದಷ್ಟೇ ದಿನಾ ಬರೆಯುತ್ತಾರೆ. ನಗಲು ಬಂದವರು ಓದುತ್ತ ಓದುತ್ತ ಒಂದು ದಿನ ತಮಗೂ ಒಂದು ನಾಯಿಮರಿ ಇದ್ದರೆ ಕೊಡಿ ಎನ್ನುತ್ತಾರಂತೆ.

ಆ ಸಂಕ್ರಾಂತಿಗೆ ಪಂದ್ಯಗಳು ಎಂದಿನಂತೆಯೇ ನಡೆದವು. ನನ್ನ ಬರಹದಿಂದ ಯಾವ ಕಣವೂ ನಿಲ್ಲಲಿಲ್ಲ. ವೆಂಕಟೇಶ್ವರರಾವುಗಾರು ಮಾತ್ರ ಆ ವರ್ಷ ಹೋಗಲಿಲ್ಲ. ಮೊಣಕಾಲು ನೋವು ಎಂದರು. ಯುಗಾದಿ ಕಳೆದ ಮೇಲೆ ಒಂದು ದಿನ ಬ್ಯಾಂಕಿಗೆ ಬಂದು, ಕೌಂಟರಿನಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು, ತಾವು ಹೆಂಡತಿಯ ಜೊತೆ ವಿಶಾಖಪಟ್ಟಣಕ್ಕೆ ಹೋಗಿದ್ದುದಾಗಿ ಹೇಳಿದರು. ಸಿಂಹಾಚಲದ ದರ್ಶನಕ್ಕೆ ಎಂದೂ ಸೇರಿಸಿದರು. ಹಾಗೇ ದಾರಿಯಲ್ಲಿ ಅವನನ್ನೂ ನೋಡಿಬಂದರಂತೆ.

ಹೇಗಿದ್ದಾನೆ ಎಂದು ಕೇಳಿದೆ.

“ಲಾವೈಪೋಯಾಡಂಡಿ” ಎಂದರು. ದಪ್ಪಗಾಗಿಬಿಟ್ಟಿದ್ದಾನೆ. ಓಡಲಾರ, ಹಾರಲಾರ, ಕುದುರೆಯ ನೆರಳಲ್ಲಿ ಮಲಗಿರುತ್ತಾನೆ, ಇನ್ನು ಅವನು ಯಾವ ಕೆಲಸಕ್ಕೂ ಬರುವುದಿಲ್ಲ. ಮಗನಿಗೆ ಸರಕಾರಿ ನೌಕರಿ ಸಿಕ್ಕಿತೆಂದು ಹೇಳುವವರ ಮುಖದಲ್ಲಿ ಇರುವಂಥ ಹೆಮ್ಮೆ ಅವರ ಮುಖದಲ್ಲಿತ್ತು. ಯಾವ ಕೆಲಸಕ್ಕೂ ಬಾರದೆ, ಯಾರ ಊಟಕ್ಕೂ ಒದಗದೆ, ಆದರೂ ಹೇಗಿದ್ದಾನೆಂದು ನೋಡಲು ಒಬ್ಬರು ಇಷ್ಟು ದೂರ ಪ್ರಯಾಣ ಮಾಡುತ್ತಾರೆ ಎಂದರೆ, ಮನುಷ್ಯರಲ್ಲೂ ಎಷ್ಟು ಜನಕ್ಕೆ ಆ ಭಾಗ್ಯ ಇದೆಯೋ ನಾನು ಕಾಣೆ.