ಬೆಲೀಜಿನ ಭಾಷೆಗಳೂ ನನ್ನ ಉಮ್ಮನೂ

ನಮ್ಮ ಮನೆಗೆ ಡಿಗ್ರಿ ಬರುವುದೇ ಇಲ್ಲ ಎಂದವರು ನನ್ನ ಸೋದರಮಾವ. ಕುವೈತಿನ ಮಂಗಫ್‌ನ ನಮ್ಮ ಫ್ಲ್ಯಾಟಿನಲ್ಲಿ ಸುಲೈಮಾನಿ ಚಹಾ ಕುಡಿಯುತ್ತಾ, "ಮೀನು ಮಾರಿದವನ ಮಗ ನೀನು. ಗೋಡೌನಿನಲ್ಲಿ ಪೆಟ್ಟಿಗೆ ಹೊತ್ತುಕೊಂಡು ಬಿ.ಎ. ಮಾಡ್ಲಿಕ್ಕುಂಟಾ? ಖಲಾಸ್, ಬಿಟ್ಟುಬಿಡು ಮಾರಾಯ" ಎಂದಿದ್ದರು. ನಾನು ಬಿಡಲಿಲ್ಲ. ಸಬ್ಹಾನ್‌ನ ಗೋಡೌನಿನಿಂದ ವಾಪಸಾಗುವ ಕಂಪೆನಿ ಬಸ್ಸಿನಲ್ಲಿ, ಶುಕ್ರವಾರದ ರಜೆಯಲ್ಲಿ, ಊರಿನ ದೂರಶಿಕ್ಷಣದ ಪುಸ್ತಕ ಓದಿಯೇ ಕಡೆಯ ವರ್ಷಕ್ಕೆ ಬಂದೆ. ಅದರ ಹೆಮ್ಮೆ ಇದೆ. ಆದರೆ ಡಿಗ್ರಿ ಎಂದ ಕೂಡಲೇ ನನಗೆ ಮೊದಲು ಆಗುವುದು ನಾಚಿಕೆ.

ಪ್ರಾಜೆಕ್ಟಿಗೆ ಬೆಲೀಜ್ ದೇಶದ ಭಾಷೆಗಳನ್ನು ಆರಿಸಿಕೊಂಡಿದ್ದೆ. ಮಧ್ಯ ಅಮೆರಿಕದ ಪುಟ್ಟ ದೇಶ ಅದು. ನಮ್ಮ ಗೋಡೌನಿಗೆ ಸುರಕ್ಷತೆಯ ಪಾಠ ಹೇಳಲು ಬರುತ್ತಿದ್ದ ಹೆಂಗಸು ಅಲ್ಲಿಯವಳು. "ಸರ್ಕಾರಕ್ಕೆ ಇಂಗ್ಲಿಷ್, ನಮ್ಮ ಮನೆಯಲ್ಲಿ ಕ್ರಿಯೋಲ್, ಸಂತೆಗೆ ಸ್ಪ್ಯಾನಿಷ್. ಗಂಡನ ಕಡೆಯವರದು ಗರಿಫುನಾ, ದಕ್ಷಿಣದ ಹಳ್ಳಿಗಳಲ್ಲಿ ಮಾಯಾ. ನಮ್ಮವರು ಊರಲ್ಲಿ ಸಿಗದಿದ್ದರೆ ಲಾಸ್ ಏಂಜಲೀಸ್‌ನಲ್ಲಿ ಹುಡುಕು" ಎಂದು ನಗುತ್ತಿದ್ದಳು. ವಲಸೆ ಹೋದವರ ಮಕ್ಕಳು ಅಜ್ಜಿಯ ಭಾಷೆ ಮರೆಯುತ್ತಾರೆಂದು ನಾನು ಬಹಳ ಮರುಗಿ ಬರೆದೆ.

ವೈವಾ ವಿಡಿಯೋ ಕಾಲ್‌ನಲ್ಲಿ, ಕನ್ನಡದಲ್ಲೇ ನಡೆಯಿತು. ಪರೀಕ್ಷಕರು ಮೆಚ್ಚಿಕೊಂಡು, "ಒಳ್ಳೇದು. ನಿಮ್ಮ ಮನೆಮಾತು ಯಾವುದು?" ಎಂದರು.

"ಕನ್ನಡ ಸರ್."

ನಾವು ಬ್ಯಾರಿಗಳು, ಕರಾವಳಿಯ ಮುಸ್ಲಿಮರು. ಮನೆಯಲ್ಲಿ ಬ್ಯಾರಿ ಬಿಟ್ಟು ಬೇರೆ ಮಾತಿಲ್ಲ. ಆದರೆ ಶಾಲೆಗೆ ಸೇರುವಾಗ ಮನೆಮಾತು ಕನ್ನಡ ಎಂದೇ ಬರೆಸುವುದು ನಮ್ಮ ಕಡೆ ರೂಢಿ. ಬಾಯಿಗೆ ಅದೇ ಬಂತು. ಅಷ್ಟರಲ್ಲಿ, ಅಪ್ಪ ತೀರಿದ ಮೇಲೆ ನನ್ನ ಜೊತೆಗೇ ಇದ್ದ ಅಮ್ಮ, ನಮ್ಮ ಮಾತಿನಲ್ಲಿ ಉಮ್ಮ, ಅಡುಗೆಮನೆಯಲ್ಲಿ ಮೊಬೈಲ್ ಹಿಡಿದು ತನ್ನ ತಂಗಿಯ ಜೊತೆ ಬ್ಯಾರಿಯಲ್ಲಿ ಜೋರು ಜಗಳ ಶುರುಮಾಡಿದಳು. ಕೋಳಿ ಸಾರಿಗೆ ತೆಂಗಿನಕಾಯಿ ಹುರಿಯಬೇಕೋ ಬೇಡವೋ ಎಂದು.

"ಅದು ಯಾವ ಭಾಷೆ? ನಿಮ್ಮ ಮನೆಯವರಾ?"

"ಅಲ್ಲ ಸರ್, ಪಕ್ಕದ ಫ್ಲ್ಯಾಟಿನವರು."

ಅಡುಗೆಮನೆಯಲ್ಲಿ ಉಮ್ಮ ಜಗಳ ಅರ್ಧಕ್ಕೇ ಬಿಟ್ಟು ಫೋನ್ ಇಟ್ಟಳು. ಉಮ್ಮನಿಗೆ ಓದು ಬಾರದು, ಕನ್ನಡ ಚೆನ್ನಾಗಿ ತಿಳಿಯುತ್ತದೆ. ಅವತ್ತು ಎಂದಿನಂತೆ ಬಡಿಸಿದಳು, ಎದುರು ಕೂರಲಿಲ್ಲ. ನಾನು ತಲೆಯೆತ್ತದೆ ಉಂಡೆ. ಆಮೇಲೆ ಪಾಸಾದ ಸುದ್ದಿಯನ್ನೂ ಗೋಡೆಗೆ ಹೇಳಿದ ಹಾಗೆ ಹೇಳಿದೆ.

ಪ್ರಮಾಣಪತ್ರ ಕೊರಿಯರ್‌ನಲ್ಲಿ ಬಂದ ದಿನ ಅದನ್ನು ಉಮ್ಮನ ಕೈಯಲ್ಲಿಟ್ಟೆ. ಕೈ ಒರೆಸಿಕೊಂಡು ಹಿಡಿದಳು. ಮೊಹರಿನ ಮೇಲೆ ಬೆರಳಾಡಿಸಿದಳು.

"ಚಂದ ಉಂಟು. ಫ್ರೇಮ್ ಹಾಕಿಸು" ಎಂದಳು. "ಅದಕ್ಕೆ ಮೊದಲು ಆ ಮೇಷ್ಟ್ರಿಗೆ ಫೋನ್ ಮಾಡು. ಅವತ್ತು ಮಾತಾಡಿದ್ದು ನನ್ನ ಉಮ್ಮ ಅಂತ ಹೇಳು. ನಾನು ಇಲ್ಲೇ ನಿಂತು ಕೇಳ್ತೇನೆ."